ಹೊಳೆವ್ವನ ಬಾಯಿಗೆ ಬಾರದ ಹೆಸರು

ನಮ್ಮ ಹೊಳೆವ್ವ ಬಾಯಿ ಬಿಟ್ಟು ಗಂಡನ ಹೆಸರು ಹೇಳಿದ್ದು, ನನಗೆ ತಿಳಿದ ಮಟ್ಟಿಗೆ, ಒಂದೇ ದಿನ. ಅವತ್ತು ಅವಳನ್ನು ತಿದ್ದಿದವಳು ನಾನು.

ಹೊಳೆವ್ವ ನನ್ನ ಮೈದುನನ ಹೆಂಡತಿ. ಹಿರೇಬೆಂಡಿಗೇರಿಯ ಮಗಳು. ನಮ್ಮ ಮಾಸೂರಿಗೆ ಸೊಸೆಯಾಗಿ ಬಂದು ನಲವತ್ತಾರು ವರ್ಷವಾಯಿತು. ಸಾಲಿಯ ಮುಖ ನೋಡಿದವಳಲ್ಲ. ಭತ್ತದ ಸಸಿ ಹಚ್ಚಲು ನಿಂತರೆ ಅವಳ ಸಾಲು ಎಲ್ಲರಿಗಿಂತ ಮೊದಲು ಬದುವಿಗೆ ಮುಟ್ಟುತ್ತಿತ್ತು. ಒದೆಯುವ ಆಕಳು ಇದ್ದವರು ಹಿಂಡಲು ಅವಳನ್ನೇ ಕರೆಯುತ್ತಿದ್ದರು. ಯಾರನ್ನಾದರೂ ಒಮ್ಮೆ ನೋಡಿದಳೆಂದರೆ ಸಾಕು, ಅಡುಗೆ ಮನೆಯಲ್ಲಿ ಅವರ ಹಾಗೆಯೇ ನಡೆದು ತೋರಿಸುತ್ತಿದ್ದಳು. ನನ್ನ ನಡಿಗೆಯನ್ನೂ ತೋರಿಸಿದ್ದಾಳೆ, ನಾನು ಬಾಗಿಲ ಹಿಂದೆ ನಿಂತಿದ್ದು ತಿಳಿಯದೆ.

ನಾನು ನಾಲ್ಕನೇ ಇಯತ್ತೆ ಓದಿದವಳು. ನಮ್ಮ ಮಾಸ್ತರರು ಶ, ಷ, ಸ ಬೇರೆ ಬೇರೆಯಾಗಿ ಬಾಯಲ್ಲಿ ಬರುವವರೆಗೆ ಅಂಗೈ ಮೇಲೆ ಪಟ್ಟಿಯಿಂದ ಹೊಡೆಯುತ್ತಿದ್ದರು. ಆ ಪೆಟ್ಟು ತಿಂದು ಕಲಿತದ್ದು ನನ್ನ ಆಸ್ತಿ ಎಂದುಕೊಂಡಿದ್ದೆ. ಯಾರಾದರೂ ಸಿವರಾತ್ರಿ ಅಂದರೆ, ಆಕಾಸವಾಣಿ ಅಂದರೆ ನನಗೆ ಅನ್ನದಲ್ಲಿ ಹರಳು ಸಿಕ್ಕಂತೆ ಆಗುತ್ತಿತ್ತು. ಮಾತು ಮುಗಿಯುವವರೆಗೆ ಕಾಯುವ ಸಮಾಧಾನವೂ ನನಗಿರಲಿಲ್ಲ. ಮಗಳ ಸಾವಿನ ಸುದ್ದಿ ಹೇಳುತ್ತ ಕುಳಿತ ಒಬ್ಬ ಮುದುಕಿಯನ್ನೂ ನಡುವೆ ತಡೆದು ತಿದ್ದಿದ್ದೇನೆ. ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಹೊಳೆವ್ವ ಮದುವೆಯಾಗಿ ಬಂದ ದಿನ ನಮ್ಮ ನಾದಿನಿ ಬಾಗಿಲಿಗೆ ಅಡ್ಡ ನಿಂತಳು. ನಮ್ಮಲ್ಲಿ ಹೊಸ ಸೊಸೆ ಪ್ರಾಸದ ಒಡಪು ಕಟ್ಟಿ, ಅದರಲ್ಲಿ ಗಂಡನ ಹೆಸರು ಸೇರಿಸಿ ಹೇಳಿದ ಮೇಲೆಯೇ ಒಳಗೆ ಬಿಡುತ್ತಾರೆ. ಅದರ ಮೊದಲೂ ಹೇಳುವಂತಿಲ್ಲ, ಆಮೇಲೂ ಹಾಗೆಲ್ಲ ಕೂಗುವಂತಿಲ್ಲ. ಹಾಗಾಗಿ ಯಾರ ನಾಲಿಗೆ ಹೇಗೆ ಹೊರಳುತ್ತದೆಂದು ತಿಳಿಯುವುದೇ ಆ ಬಾಗಿಲಲ್ಲಿ. ನಾನು ಆರತಿ ತಟ್ಟೆ ಹಿಡಿದು ನಿಂತಿದ್ದೆ. ಬೇರೆ ಸೊಸೆಯರು ತವರಿನಲ್ಲಿ ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರು. ಇವಳು ಅವತ್ತು ಬೆಳಿಗ್ಗೆ ಚಕ್ಕಡಿಯಿಂದ ನಮ್ಮ ಮದಗದ ಕೆರೆ ನೋಡಿದವಳೇ ತಾನೇ ಕಟ್ಟಿದ್ದಳು.

“ಮದಗದ ಕೆರಿಗೆ ತುಂಬಿ ಬಂದೈತಿ ನೀರ, ಮಾಲತೇಸರ ಮನಿಗೆ ಬಂದೇನಿ, ಸರೀರಿ ದೂರ.”

ಹೆಂಗಸರೆಲ್ಲ ಭಲೆ ಅಂದರು. ನಾದಿನಿ ಪಕ್ಕಕ್ಕೆ ಸರಿದಳು. ನಾನು ಸರಿಯಲಿಲ್ಲ.

“ಮಾಲತೇಸ ಅಲ್ಲವಾ, ಮಾಲತೇಶ. ಶ ಅನ್ನು,” ಅಂದೆ.

“ಮಾಲತೇಸ.”

“ಶ.”

“ಸ.”

ಯಾರೋ ಕಿಸಕ್ಕನೆ ನಕ್ಕರು. ಮೂರನೇ ಸಲ ಹೇಳಿಸಿದೆ. ಬಾಸಿಂಗದ ಕೆಳಗೆ ಅವಳ ತುಟಿ ನಡುಗುವುದು ನನಗೆ ಕಾಣುತ್ತಿತ್ತು. ಕಾಣುತ್ತಿದ್ದರೂ ನಾಲ್ಕನೇ ಸಲ ಹೇಳಿಸಿದೆ. ಅಷ್ಟರಲ್ಲಿ ಮಂದಿಯೆಲ್ಲ ನಗುತ್ತಿದ್ದರು. ಓಣಿಯ ಹುಡುಗರು ಎರಡು ವರ್ಷ ಅವಳು ನೀರಿಗೆ ಹೋದಾಗಲೆಲ್ಲ ಹಿಂದಿನಿಂದ “ಮಾಲತೇಸಾ” ಎಂದು ಕೂಗುತ್ತಿದ್ದರು.

ಆಮೇಲೆ ಯಾರ ಮನೆಯ ಬಸುರಿಗೆ ಕುಪ್ಪಸ ಮಾಡುವುದಿರಲಿ, ಕೂಸನ್ನು ತೊಟ್ಟಿಲಿಗೆ ಹಾಕುವುದಿರಲಿ, ಒಡಪು ಹೇಳುವ ಹೊತ್ತಿಗೆ ಹೊಳೆವ್ವ ಒಲೆಯ ಮುಂದೆ ಇರುತ್ತಿದ್ದಳು. ನಮ್ಮ ವಾರಿಗೆಯ ಹೆಂಗಸರು ಬ್ಯಾಂಕಿನಲ್ಲಿ, ದವಾಖಾನೆಯಲ್ಲಿ ಗಂಡನ ಹೆಸರು ಹೇಳಿ ಹೇಳಿ ರೂಢಿ ಮಾಡಿಕೊಂಡರು. ಅವಳು ಮಾತ್ರ “ನಮ್ಮ ಮನ್ಯಾರು” ಅಂದು, ಹೆಸರು ಕೇಳಿದರೆ ಗಂಡನ ಗುರುತಿನ ಕಾರ್ಡು ಮುಂದೆ ಹಿಡಿಯುತ್ತಿದ್ದಳು. ಹಳೆಯ ಕಾಲದ ಮರ್ಯಾದೆ ಎಂದು ಎಲ್ಲರೂ ಹೊಗಳುತ್ತಿದ್ದರು. ನಾನೂ ಹೊಗಳಿದ್ದೇನೆ.

ಎರಡು ವರ್ಷದಿಂದ ಮಾಲತೇಶನಿಗೆ ಮರೆವು ಹತ್ತಿದೆ. ಹೋದ ಕಾರ್ತಿಕದಲ್ಲಿ ಹೊಳೆವ್ವ ಅವನನ್ನು ಕಣ್ಣು ತೋರಿಸಲು ಹಿರೇಕೆರೂರಿಗೆ ಕರೆದುಕೊಂಡು ಹೋದಳು. ತಿರುಗಿ ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಕೂರಿಸಿ, “ಇಲ್ಲೇ ಕುಂತಿರ್ರಿ, ನೀರ ತರ್ತೇನಿ,” ಎಂದು ಹೋಗಿ ಬಂದರೆ ಆಸಾಮಿ ಇಲ್ಲ. ಅವನ ಕಾರ್ಡು ಅವನ ಅಂಗಿಯ ಕಿಸೆಯಲ್ಲೇ ಇತ್ತು. ಅವಳು ಕಂಟ್ರೋಲರ ಕಿಟಕಿಗೆ ಓಡಿದಳು.

“ಹೆಸರೇನ್ರಿ?” ಎಂದು ಆತ ಮೈಕಿಗೆ ಕೈ ಹಚ್ಚಿ ಕೇಳಿದ.

“ನಮ್ಮ ಮನ್ಯಾರ್ರಿ.”

“ಮನ್ಯಾರು ಸರಿ. ಹೆಸರ ಹೇಳ್ರಿ, ಕೂಗ್ತೇನಿ.”

ಅವಳು ಊರು ಹೇಳಿದಳು, ಬಿಳಿ ಟೊಪ್ಪಿಗೆ ಅಂದಳು, ಹೆಸರು ಹೇಳಲಿಲ್ಲ. ಆತ ಒಳ್ಳೆಯವನು, ಸುಮ್ಮನೆ ಕೂರಲಿಲ್ಲ. ಮಾಸೂರಿನ ಬಿಳಿ ಟೊಪ್ಪಿಗೆಯ ಹಿರಿಯರು ಎಲ್ಲಿದ್ದರೂ ಬರಬೇಕು ಎಂದು ಕೂಗಿದ. ಬಿಳಿ ಟೊಪ್ಪಿಗೆಯ ಮೂವರು ಮುದುಕರು ಬಂದು ಕಿಟಕಿಯ ಮುಂದೆ ನಿಂತರಂತೆ. ಮಾಲತೇಶನ ಟೊಪ್ಪಿಗೆ ಅವನ ತಲೆಯ ಮೇಲೆ ಇರಲೇ ಇಲ್ಲ. ಕಣ್ಣಿನ ಡಾಕ್ಟರು ತೆಗೆಸಿದ್ದನ್ನು ಹೊಳೆವ್ವನೇ ತನ್ನ ಚೀಲದಲ್ಲಿ ಇಟ್ಟುಕೊಂಡು ಮರೆತಿದ್ದಳು.

ಅವಳ ಸಣ್ಣ ಫೋನಿನಲ್ಲಿ ಒಂದು ಒತ್ತಿದರೆ ಮಗ ಸಾಗರನಿಗೆ ಹೋಗುತ್ತದೆ, ಎರಡು ಒತ್ತಿದರೆ ನನಗೆ. ಸಾಗರ ಟ್ರ್ಯಾಕ್ಟರ್ ಮೇಲಿದ್ದ, ಕೇಳಿಸಲಿಲ್ಲ. ನಾನು ಕಾಲುವೆಗೆ ಬಟ್ಟೆ ಒಗೆಯಲು ಹೋಗಿದ್ದೆ, ಫೋನು ಮನೆಯಲ್ಲಿ. ಬಂದು ನೋಡಿದರೆ ಹನ್ನೊಂದು ಸಲ ಮಾಡಿದ್ದಳು. ಕೂಡಲೇ ಹಚ್ಚಿದೆ.

“ಅಕ್ಕಾ, ಇವರಿಗೆ ಹೆಸರ ಹೇಳು,” ಅಂದಳು. ಏನಾಯಿತು, ಎಲ್ಲಿದ್ದೀ ಎಂದರೆ ಮತ್ತೆ ಅದೇ: “ಹೆಸರ ಹೇಳಕ್ಕಾ.”

ಹೇಳಿದೆ. ಮೈಕಿನಲ್ಲಿ ಕಂಟ್ರೋಲರ್ ಕೂಗಿದ್ದು ಫೋನಿನಲ್ಲಿ ನನಗೂ ಕೇಳಿಸಿತು. ದೇವರಾಣೆ ಹೇಳುತ್ತೇನೆ, ಆ ಹೊತ್ತಿನಲ್ಲೂ ನನ್ನ ಕಿವಿ ಆತ ಶ ಸರಿಯಾಗಿ ಅಂದನೋ ಇಲ್ಲವೋ ಎಂದು ನೋಡಿತು.

ಕೂಗಿ ಎರಡು ನಿಮಿಷವಾಗಿಲ್ಲ, ರಸ್ತೆಯ ಆಚೆಯ ಪಂಕ್ಚರ್ ಅಂಗಡಿಯಿಂದ ಅಕ್ಬರಸಾಬ ಎಂಬುವವರು ಓಡಿ ಬಂದರು.

“ಯವ್ವಾ, ಮಾಲತೇಶ ಅನ್ನೋ ಅಜ್ಜಾರು ನನ್ನ ಅಂಗಡ್ಯಾಗ ಒಂದ ತಾಸ ಕುಂತಿದ್ರು. ಚಾ ಕುಡಿಸಿದೆ. ಹೆಸರ ಕೇಳಿದ್ರ ಚಂದಂಗ ಹೇಳಿದ್ರು, ಊರ ಮಾತ್ರ ಬರಲಿಲ್ಲ. ಈಗ ಹತ್ತ ನಿಮಿಷ ಆತು ಎದ್ದ ಹೋಗಿ. ಮೈಕಿನ್ಯಾಗ ಹೆಸರ ಮೊದಲ ಬಂದಿದ್ರ ಕೈ ಹಿಡದ ಕರಕೊಂಡ ಬರ್ತಿದ್ನಲ್ಲಬೇ.”

ಸಂಜೆಯ ಹೊತ್ತಿಗೆ ಅವನು ಸಾಗರನಿಗೆ ಸಿಕ್ಕ. ರಟ್ಟೀಹಳ್ಳಿ ರಸ್ತೆಯ ಒಂದು ಮೋರಿಯ ಕೆಳಗೆ ಬಿದ್ದಿದ್ದ. ಸೊಂಟದ ಎಲುಬು ಮುರಿದಿತ್ತು. ಆಪರೇಷನ್ ಆಯಿತು. ನಡೆಯುವುದು ಮಾತ್ರ ಮುಗಿಯಿತು.

ಮನೆಗೆ ತಂದ ಮೇಲೆ ನಾನು ದಿನಾಲೂ ಹೋಗಿ ಕೂರುತ್ತಿದ್ದೆ. ಆ ಬಾಗಿಲಿನ ಮಾತು ತೆಗೆಯಬೇಕೆಂದು ಹೋಗಿ ತೆಗೆಯದೆ ಬರುತ್ತಿದ್ದೆ. ಒಂದು ದಿನ ಅವಳು ಸೊಪ್ಪು ಸೋಸುತ್ತಿದ್ದಾಗ ಕೇಳಿಯೇ ಬಿಟ್ಟೆ.

“ಹೊಳೆವ್ವಾ, ಅವತ್ತು ಆ ಕಿಟಕ್ಯಾಗ ಯಾಕ ಹೇಳಲಿಲ್ಲ? ನಾನು ಬಾಗಿಲದಾಗ ನಿನ್ನ ತಿದ್ದಿದ್ದಕ್ಕನ?”

ಅವಳು ಸೊಪ್ಪು ಸೋಸುತ್ತಲೇ ಅಂದಳು.

“ಬಾಯಿ ತನಕ ಬಂದಿತ್ತಕ್ಕ. ಮೈಕ್ ಹಚ್ಚಿತ್ತು. ಬಸ್‌ಸ್ಟ್ಯಾಂಡ ತುಂಬ ಮಂದಿ. ಎಲ್ಲಾರೂ ನನ್ನ ಬಾಯಿನ ನೋಡಾಕತ್ತಾರ ಅನ್ನಿಸ್ತು.”

“ನಾನು ತಪ್ಪ ಮಾಡಿದೆ.”

“ನೀ ತಿದ್ದಿದ್ದು ನನಗ ಅಷ್ಟ ಹತ್ತಲಿಲ್ಲ. ನೀನು ಓದಿದಾಕಿ, ತಿದ್ದಿದಿ. ಆದ್ರ ಎಲ್ಲಾರೂ ನಗುವಾಗ ನೀನೂ ನಕ್ಕಿ. ಆರತಿ ತಾಟ ಅಲಗ್ಯಾಡೂ ಹಂಗ ನಕ್ಕಿ.” ಸೋಸಿದ ಸೊಪ್ಪನ್ನು ಬುಟ್ಟಿಗೆ ಹಾಕಿ ಅಂದಳು: “ಅಕ್ಕಾ, ನೀನೂ ಸಾಲಿ ಅಂತೀ. ಶಾಲಿ ಅನ್ನೂದಿಲ್ಲ. ನಾ ಎಂದಾರ ನಕ್ಕೇನೇನು?”

ನನ್ನ ಎಪ್ಪತ್ನಾಲ್ಕು ವರ್ಷದಲ್ಲಿ ಅದು ನನಗೆ ಹೊಳೆದೇ ಇರಲಿಲ್ಲ. ಕ್ಷಮೆ ಕೇಳಲು ಹೋದವಳು ಅದನ್ನು ಕೇಳದೆಯೇ ಎದ್ದು ಬಂದೆ.

ಈಗ ಡಾಕ್ಟರು ಒಂದು ಮಾತು ಹೇಳಿದ್ದಾರೆ. ದಿನಕ್ಕೆ ನಾಲ್ಕು ಸಲ ಅವನನ್ನು ಹೆಸರು ಹಿಡಿದು ಕರೆಯಬೇಕು, ಇಲ್ಲದಿದ್ದರೆ ಅದನ್ನೂ ಮರೆತುಬಿಡುತ್ತಾನೆ. ಮಧ್ಯಾಹ್ನದಿಂದಾಚೆ ಸಾಗರ ಕರೆಯುತ್ತಾನೆ, ಬೆಳಿಗ್ಗೆ ಮಾತ್ರ ಬೆಳಕು ಹರಿಯುವ ಮೊದಲೇ ಹೊಲಕ್ಕೆ ಹೋಗಿರುತ್ತಾನೆ. ಆದ್ದರಿಂದ ಬೆಳಿಗ್ಗೆ ಚಹಾದ ಹೊತ್ತಿಗೆ ನಾನು ಹೋಗುತ್ತೇನೆ. ಅವಳು ಚಹಾ ಸುರಿದ ಬಸಿ ಹಿಡಿದು ಅವನ ತಲೆಯ ಹತ್ತಿರ ನಿಲ್ಲುತ್ತಾಳೆ. ನಾನು “ಮಾಲತೇಶಾ” ಅನ್ನುತ್ತೇನೆ, ಅವನು ಹೂಂ ಅನ್ನುತ್ತಾನೆ, ಅವಳು ಚಹಾ ಕುಡಿಸುತ್ತಾಳೆ. ಅವಳ ಗಂಡನನ್ನು ಅವಳ ಎದುರಿಗೆ ನಾನು ಕರೆಯುವುದು ಹೀಗೆ ನಡೆದಿದೆ.

ಮೊನ್ನೆ ನಾನು ಕರೆಯುವ ಮೊದಲೇ ಅವನು ಅವಳ ಸೆರಗು ಹಿಡಿದು, “ನನ್ನ ಹೆಸರೇನ?” ಎಂದು ಕೇಳಿದ. ಅವಳು ನನ್ನ ಕಡೆ ನೋಡಿದಳು. ನನ್ನ ನಾಲಿಗೆ ಆಗಲೇ ಎದ್ದಿತ್ತು. ಹಲ್ಲು ಕಚ್ಚಿಕೊಂಡು ಹೊರಗೆ ಬಂದೆ, ಬಾಗಿಲು ಎಳೆದುಕೊಂಡು ಕಟ್ಟೆಯ ಮೇಲೆ ಕುಳಿತೆ. ಒಳಗೆ ಅವನು ಇನ್ನೊಮ್ಮೆ ಕೇಳಿದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ.

ಹೊಳೆವ್ವ ಖಾಲಿ ಬಸಿ ಹಿಡಿದು ಹೊರಗೆ ಬಂದಳು. ಹೇಳಿದೆಯೋ ಇಲ್ಲವೋ ಎಂದು ನಾನು ಕೇಳಲಿಲ್ಲ. ಮರುದಿನ ಚಹಾದ ಹೊತ್ತಿಗೆ ಹೋಗಿ ಮತ್ತೆ ಕಟ್ಟೆಯ ಮೇಲೆಯೇ ಕುಳಿತೆ, ಈ ಸಲ ಅವಳೇ ಒಳಗಿನಿಂದ ಬಾಗಿಲು ಎಳೆದುಕೊಂಡಳು.