ಬಡಗಲಿಗೆ ತಲೆ ಹಾಕಿ ಮಂಡ್ಯಕ್ಕೆ

ಮಕ್ಕಳೇ, ನಾವು ಮಳವಳ್ಳಿಯಿಂದ ಹೊರಟದ್ದು ಚಳಿ ಇನ್ನೂ ಬಿಡದ ಒಂದು ಬೆಳಿಗ್ಗೆ. ಮುಂದೆ ನಿಮ್ಮ ತಾತನ ಹಳೇ ಮೋಟಾರು. ಅದರ ಹಿಂದೆ ಕಬ್ಬಿಣದ ಕೊಂಡಿಗೆ ಸಿಕ್ಕಿಸಿದ ಎರಡು ಚಕ್ರದ ಪುಟ್ಟ ಗಾಡಿ. ಆ ಗಾಡಿಯೊಳಗೆ, ಹಲಗೆಯ ಮೇಲಿನ ಹಾಸಿಗೆಯಲ್ಲಿ, ತೊಡೆಮೂಳೆ ಮುರಿದುಕೊಂಡು ಮಲಗಿದ್ದ ನನ್ನ ಅತ್ತೆ.

ಅತ್ತೆ ಹಿತ್ತಲ ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದರು. ಬಿದಿರ ದಬ್ಬೆ ಕಟ್ಟಿಸಿದ್ದೆವು, ಮೂಳೆ ಕೂಡಲಿಲ್ಲ. ಬೇಗ ಮಂಡ್ಯದ ಆಸ್ಪತ್ರೆಗೆ ಸೇರಿಸದಿದ್ದರೆ ಇವರು ಮತ್ತೆ ನಡೆಯುವುದಿಲ್ಲ ಎಂದು ನಮ್ಮೂರಿನ ಡಾಕ್ಟರು ಹೇಳಿದರು. ಮದ್ದೂರಿಗೆ ಹದಿನೈದು ಮೈಲಿ, ಅಲ್ಲಿಂದ ಮಂಡ್ಯಕ್ಕೆ ಹನ್ನೆರಡು. ಬಸ್ಸಿನಲ್ಲಿ ಮಲಗಲು ಜಾಗವಿಲ್ಲ. ಎತ್ತಿನ ಗಾಡಿಯಲ್ಲಿ ಹೊರಟಾಗ ಬೀದಿಯ ಕೊನೆ ಮುಟ್ಟುವ ಮೊದಲೇ ಅವರ ಕೂಗು ಕೇಳಲಾರದೆ ವಾಪಸು ಬಂದೆವು. "ವಯಸ್ಸಾದೋರು, ಮನೇಲೆ ಮಲ್ಗಿರ್ಲಿ ಬುಡಿ ಅತ್ಗೆ," ಎಂದ ನನ್ನ ಮೈದುನ ನಂಜೇಗೌಡ. ಅವನಿಗೆ ತಾಯಿಯ ಮೇಲೆ ಪ್ರೀತಿಯಿತ್ತು. ಆದರೆ ಯಾವುದನ್ನು ಕಂಡರೂ ಅಂಜಿಕೆ.

ನಿಮ್ಮ ತಾತ ತೀರಿಕೊಳ್ಳುವ ಮೊದಲು ರೇಷ್ಮೆಗೂಡು ಸಾಗಿಸಲೆಂದು ಆ ಪುಟ್ಟ ಗಾಡಿಯನ್ನು ಮಾಡಿಸಿದ್ದರು. ಮುರುಕು ಕಾರಿನ ಅಚ್ಚು, ರಬ್ಬರ್ ಚಕ್ರ, ಮೇಲೆ ಬಿದಿರಿನ ಕಮಾನು, ಅದಕ್ಕೆ ಟಾರ್ಪಾಲು. ಡ್ರೈವರ್ ಮಾದಯ್ಯ ಅದನ್ನು ಟ್ರೇಲರು ಎನ್ನುತ್ತಿದ್ದ. ನಾವು ಬಾಲಗಾಡಿ ಎನ್ನುತ್ತಿದ್ದೆವು. ಅತ್ತೆಯನ್ನು ಇದರಲ್ಲಿ ಮಲಗಿಸಿ ಒಯ್ಯಬಹುದಲ್ಲ ಎಂದು ನನಗೆ ಹೊಳೆಯಿತು. ಎಳೆಯುವ ಮೋಟಾರು ಯಾವುದು ಎಂಬುದೇ ಪ್ರಶ್ನೆ. ಯುದ್ಧದ ಕಾಲ, ಪೆಟ್ರೋಲು ಸುಲಭವಾಗಿ ಸಿಗುತ್ತಿರಲಿಲ್ಲ, ನಮ್ಮ ಮೋಟಾರು ಕೊಟ್ಟಿಗೆಯಲ್ಲಿ ನಿಂತುಬಿಟ್ಟಿತ್ತು. ಪಕ್ಕದ ಮನೆಯ ವಕೀಲರು ಪಾಪ ತಮ್ಮ ಪುಟ್ಟ ಕಾರನ್ನು ಕೊಟ್ಟರು. ಸಣ್ಣ ದಿಣ್ಣೆ ಹತ್ತುವಷ್ಟರಲ್ಲಿ ಅದರಿಂದ ಸುಟ್ಟ ವಾಸನೆ ಬಂತು. ಅಕ್ಕಿ ಗಿರಣಿಯ ಲಾರಿಗೆ ಶಕ್ತಿಯಿತ್ತು, ಆದರೆ ಅದರ ಕೊಂಡಿ ಎತ್ತರ. ಬಾಲಗಾಡಿ ಮೂತಿ ಮೇಲೆತ್ತಿಕೊಂಡು ಕುಣಿಯಿತು. ಮಾದಯ್ಯ ತಲೆ ಕೆರೆದುಕೊಂಡು, "ಅದು ಕುರಿಮರಿ, ಇದು ಆನೆ. ನಮ್ಗೆ ಬೇಕಾದ್ದು ಕೋಣ ಕಣವ್ವ," ಎಂದ.

ಕೋಣ ನಮ್ಮ ಕೊಟ್ಟಿಗೆಯಲ್ಲೇ ಇತ್ತು. ಏಳು ಜನ ಕೂರುವ, ನೆಲದಿಂದ ಎತ್ತರವಾದ, ಚಕ್ರಗಳು ಅಗಲಕ್ಕೆ ನಿಂತ ಹಳೇ ಮೋಟಾರು. ರೋಗಿಗೆಂದು ಕೇಳಿ ಪೆಟ್ರೋಲು ತಂದೆವು. ಅತ್ತೆಯ ತೂಕಕ್ಕೆ ಸರಿಯಾಗಿ ರಾಗಿ ಮೂಟೆಗಳನ್ನು ಬಾಲಗಾಡಿಯ ಮುಂಭಾಗಕ್ಕೆ ಒತ್ತಿ ಹೇರಿ ಕೆರೆಯವರೆಗೆ ಹೋಗಿ ಬಂದೆವು. ತೊಟ್ಟಿಲಿನಂತೆ ಹೋಯಿತು, ತೊಟ್ಟಿಲಿನಂತೆ ಬಂತು.

ಹೊರಡುವ ಬೆಳಿಗ್ಗೆ ಮೈದುನ ನನ್ನ ಹತ್ತಿರ ಬಂದು ಮೆಲ್ಲಗೆ, "ಅತ್ಗೆ, ನೀವು ಇತ್ತಲ ಬಾಗ್ಲಲ್ಲಿ ನಿಂತಿರಿ. ಗಾಡಿ ಮುಂದುಕ್ಕೋದ ಮ್ಯಾಲೆ ಬಂದು ಅತ್ಕೊಳ್ಳಿ," ಎಂದ. ನಾನು ವಿಧವೆ. ಹೊರಡುವಾಗ ಎದುರಾಗಬಾರದು. ನಾನು ಅವನಿಗೆ ಎಂದೂ ಎದುರು ಮಾತಾಡಿದವಳಲ್ಲ. ಹಿತ್ತಲ ಕಡೆ ತಿರುಗಿಯೂ ಆಗಿತ್ತು.

ಟಾರ್ಪಾಲಿನೊಳಗಿಂದ ಅತ್ತೆ ಕೂಗಿದರು. "ಯಾರ್ಲಾ ಅದು ನನ್ ಸೊಸೇನ ಇತ್ಲಿಗೆ ಕಳ್ಸಾನು? ಅವ್ಳು ಎದುರ್ಗೆ ನಿಲ್ದೆ ಈ ಗಾಡಿ ಕದ್ಲಾಂಗಿಲ್ಲ!"

ಬೀದಿಯ ಜನವೆಲ್ಲ ನೋಡುತ್ತಿದ್ದರು. ಸೆರಗನ್ನು ತಲೆಯ ಮೇಲೆಳೆದುಕೊಂಡು ಹೋಗಿ ಮೋಟಾರಿನ ಮೂತಿಯೆದುರು ನಿಂತೆ. ಮಾದಯ್ಯ ಹ್ಯಾಂಡಲು ತಿರುಗಿಸಿದ. ಇಂಜಿನ್ನು ಒಂದೇ ಸುತ್ತಿಗೆ ಹತ್ತಿಕೊಂಡಿತು.

ಮೈದುನ ಮುಂದೆ ಮಾದಯ್ಯನ ಪಕ್ಕ ಕೂತ. ನಾನು ಬಾಲಗಾಡಿಯಲ್ಲಿ ಅತ್ತೆಯ ತಲೆದೆಸೆಗೆ ಕೂತೆ. ಮದ್ದೂರಿನ ದಾರಿ ಮಳವಳ್ಳಿಯಿಂದ ಬಡಗಲಿಗೆ ಹೋಗುತ್ತದೆ. ಬಡಗಲಿಗೆ ತಲೆ ಹಾಕಿ ಮಲಗಬಾರದೆಂದು ಮೈದುನ ಅತ್ತೆಯ ಕಾಲನ್ನು ಮೋಟಾರಿನ ಕಡೆಗೂ ತಲೆಯನ್ನು ಹಿಂದಕ್ಕೂ ಮಾಡಿಸಿದ್ದ. ಅಕ್ಕಿಯ ಚೀಲ, ಪಾತ್ರೆ, ನಾನು, ಎಲ್ಲ ಆ ತಲೆಯ ಕಡೆಗೇ. ಅತ್ತೆ ಸಣ್ಣ ಹೆಂಗಸಲ್ಲ. ಅವರ ಭಾರವೆಲ್ಲ ಸೊಂಟದಿಂದ ಮೇಲಿತ್ತು.

ಊರ ಹತ್ತಿರದ ಸಮ ದಾರಿಯಲ್ಲಿ ಏನೂ ತಿಳಿಯಲಿಲ್ಲ. ಎಡಬಲಕ್ಕೆ ಹಿಪ್ಪುನೇರಳೆ ತೋಟ, ಕುಯ್ದ ರಾಗಿ ಹೊಲ. ಅತ್ತೆ ಕೊಬ್ಬರಿ ಬೆಲ್ಲ ಬಾಯಿಗೆ ಹಾಕಿಕೊಂಡು, "ಎತ್ತಿನ ಗಾಡಿಗಿಂತ ವಾಸಿ ಕಣೇ," ಎಂದರು. ಆಮೇಲೆ ಒಂದು ಕೆರೆ ಏರಿಗೆ ಇಳಿಯುವ ದಾರಿ ಬಂತು. ಇಳಿಜಾರಿನಲ್ಲಿ ಬಾಲಗಾಡಿ ಮೊದಲು ಸ್ವಲ್ಪ, ಆಮೇಲೆ ಹಸು ಬಾಲ ಬೀಸಿದಂತೆ ಆ ಕಡೆ ಈ ಕಡೆ ಬೀಸತೊಡಗಿತು. ಅತ್ತೆ ಕೂಗಿಕೊಂಡರು. ನಾನು ಒಂದು ಕೈಯಲ್ಲಿ ಕಮಾನು, ಇನ್ನೊಂದರಲ್ಲಿ ಅವರ ತೋಳು ಹಿಡಿದೆ. ಮಾದಯ್ಯ ನಿಲ್ಲಿಸಿದಾಗ ನಮ್ಮ ಒಂದು ಚಕ್ರ ಏರಿಯ ಅಂಚಿನ ಹುಲ್ಲಿನ ಮೇಲಿತ್ತು. ಕೆಳಗೆ ನೀರು.

ಬಟ್ಟೆ ಒಗೆಯುತ್ತಿದ್ದ ಹೆಂಗಸರು ಎದ್ದು ನಿಂತರು. ಮೈದುನ ಬೆವರಿಬಿಟ್ಟಿದ್ದ. "ನಾನ್ ಯೋಳ್ಲಿಲ್ವಾ? ಸಾಕು. ನಾಕು ಆಳು ಕರ್ದು ಒತ್ಕೊಂಡು ಮನೀಗೋಗಾದೆ."

ಒಬ್ಬ ಹೆಂಗಸು ನನ್ನ ಬರಿ ಹಣೆಯನ್ನೇ ನೋಡುತ್ತ ಇನ್ನೊಬ್ಬಳಿಗೆ, "ಅಂತೋಳು ಗಾಡೀಲಿದ್ರೆ ಇನ್ನೇನಾದದು," ಎಂದಳು.

ಆ ಮಾತು ಕೇಳಿ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇಳಿದು ಕೊಂಡಿಯ ಹತ್ತಿರ ಹೋದೆ. ಬಾಲಗಾಡಿಯಿಂದ ಮುಂದಕ್ಕೆ ಚಾಚಿದ್ದ ಮೂಕಿಮರ ಕೊಂಡಿಯ ಮೇಲೆ ಕೂತಿರಲಿಲ್ಲ, ಅದನ್ನು ಮೇಲಕ್ಕೆ ಎತ್ತಿ ಹಿಡಿದಿತ್ತು. ನಾನು ಎರಡು ಕೈಯಿಂದ ಒತ್ತಿದರೆ ತಗ್ಗಿತು, ಬಿಟ್ಟರೆ ಎದ್ದಿತು. ರಾಗಿ ಮೂಟೆ ಹೇರಿದ ದಿನ ಅದನ್ನು ಕೊಂಡಿಗೆ ಎತ್ತಿ ಕೂರಿಸಲು ನಾನೂ ಮಾದಯ್ಯನೂ ಸೇರಿ ಮುಕ್ಕಿರಿದಿದ್ದೆವು.

"ಭಾರ ಹಿಂದಕ್ಕಿದೆ. ಅತ್ತೆಯ ತಲೆ ಮುಂದಕ್ಕೆ ಬರಬೇಕು," ಎಂದೆ.

"ಬಡಗ್ಲಿಗಾ?" ಮೈದುನ ಬಾಯಿ ಬಿಟ್ಟ. "ಬದುಕಿರೋರ್ನ ಯಾರಾದ್ರೂ ಬಡಗ್ಲಿಗೆ ತಲೆ ಆಕಿ ಮಲಗುಸ್ತಾರಾ ಅತ್ಗೆ? ಅವ್ವಂಗೇನಾರಾ ಆದ್ರೆ ಊರೋರು ನಿಮ್ನೇ ಅಂತಾರೆ."

"ಅನ್ನಲಿ," ಎಂದೆ. ಅವನಿಗೆ ನಾನು ಆಡಿದ ಮೊದಲ ಎದುರು ಮಾತು ಅದೇ. ಅಷ್ಟು ಚಿಕ್ಕದು.

ಒಳಗಿಂದ ಅತ್ತೆಯ ದನಿ ಬಂತು. "ಲೇ ನಂಜ, ತಲೆ ನಂದು ಕಣ್ಲಾ. ಯಾವ ದಿಕ್ಕಿಗಾದ್ರೂ ಆಕ್ಕೋತೀನಿ. ತಿರುಗ್ಸಲಾ!"

ಹಲಗೆ ಸಮೇತ ಹೊರಕ್ಕೆ ತೆಗೆದು ತಿರುಗಿಸಬೇಕಿತ್ತು. ಮಾದಯ್ಯ ಒಂದು ಕಡೆ, ಮೈದುನ ಒಂದು ಕಡೆ ಹಿಡಿದರು. ಇನ್ನೆರಡು ಮೂಲೆಗೆ ಜನವಿರಲಿಲ್ಲ. ನಾನು ಒಂದನ್ನು ಹಿಡಿದೆ. ನನ್ನನ್ನು ಅಂದಿದ್ದ ಹೆಂಗಸೇ ಒದ್ದೆ ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ ಬಂದು ನಾಲ್ಕನೆಯದನ್ನು ಹಿಡಿದಳು. "ಅಬ್ಬಾ, ಏನ್ ತೂಕವೇ ನಿಮ್ಮತ್ತೆ! ಕೋಳಿ ಸಾರಲ್ಲೇ ಸಾಕೀರೇನೋ," ಎಂದಳು. ಅತ್ತೆ ನೋವಿನಲ್ಲೂ, "ಬಾ ನಮ್ಮನೀಗೆ, ನಿಂಗೂ ಇಕ್ತೀನಿ," ಎಂದರು.

ತಲೆ ಬಡಗಲಿಗಾಯಿತು. ಅಕ್ಕಿ ಚೀಲ ಮುಂದಕ್ಕೆ ಬಂತು. ನಾನೂ ಮುಂದೆ ಕೂತೆ. ಮೂಕಿಮರ ಕೊಂಡಿಯ ಮೇಲೆ ಗಟ್ಟಿಯಾಗಿ ಕೂತಿತು. ಏರಿ ದಾಟಿದೆವು. ಮುಂದಿನ ಇಳಿಜಾರಿನಲ್ಲಿ ನಾನು ಕಮಾನು ಹಿಡಿದುಕೊಂಡೆ. ಗಾಡಿ ಬಾಲ ಬೀಸಲಿಲ್ಲ.

ರೋಗ ವಾಸಿಮಾಡುವ ದೇವರೆಂದು ಹೆಸರಾದ ವೈದ್ಯನಾಥಪುರದ ಗುಡಿಗೆ ತಿರುಗುವಲ್ಲಿ ಮೈದುನ ಮೋಟಾರು ನಿಲ್ಲಿಸಿ, ದೇವರಿಗೆ ಒಪ್ಪಿಸಿ ಅಲ್ಲೇ ಇರೋಣವೇ ಎಂದು ಕೇಳಿದ. "ಬತ್ತಾ ನಡ್ಕೊಂಡೋಗಿ ಕೈ ಮುಗೀತೀನಿ. ಈಗ ಬುಡು," ಎಂದರು ಅತ್ತೆ. ಮದ್ದೂರಿನಲ್ಲಿ ಕಾಫಿ ಕುಡಿದು, ಇಂಜಿನ್ನಿಗೆ ನೀರು ಹಾಕಿ, ಪಡುವಲಿಗೆ ತಿರುಗಿದೆವು. ಮಂಡ್ಯ ಹತ್ತಿರವಾದಂತೆ ಕಬ್ಬಿನ ಗಾಡಿಗಳ ಸಾಲು, ಬೆಲ್ಲ ಸುಟ್ಟಂಥ ವಾಸನೆ. ಗಾಡಿಯವರು ನಮ್ಮನ್ನು ಕಂಡು, "ಮೋಟ್ರು ಮರಿ ಆಕದೆ, ನೋಡ್ರಲಾ!" ಎಂದು ನಕ್ಕರು.

ಆಸ್ಪತ್ರೆಯ ಡಾಕ್ಟರು ಅತ್ತೆಯ ಕಾಲನ್ನು ಮುಟ್ಟಿ ನೋಡಿ, "ಕೂಡುತ್ತೆ. ಇನ್ನೂ ತಡಮಾಡಿದ್ದರೆ ಹೀಗೆ ಹೇಳಲಾಗುತ್ತಿರಲಿಲ್ಲ," ಎಂದರು. ನಾನು ಗೋಡೆ ಕಡೆ ಮುಖ ಮಾಡಿ ನಿಂತೆ. ಮೈದುನ ಹೊರಗೆ ಹೋಗಿ ಮೂಗು ಒರೆಸಿಕೊಂಡು ಬಂದ.

ತಿಂಗಳುಗಳು ಕಳೆದ ಮೇಲೆ ವಾಪಸು ಬಂದೆವು. ಅತ್ತೆ ಮೋಟಾರಿನಲ್ಲಿ ಕೂತೇ ಬಂದರು. ವೈದ್ಯನಾಥಪುರದಲ್ಲಿ ಕೋಲೂರಿಕೊಂಡು ಗುಡಿಯ ಬಾಗಿಲವರೆಗೆ ನಡೆದರು. ಅದೇ ಕೆರೆ ಏರಿಯ ಮೇಲೆ ನಾನು ಹಿಂತಿರುಗಿ ನೋಡಿದೆ. ಬಾಲಗಾಡಿ ಬರಿದಾಗಿ, ಹಗುರಾಗಿ, ನಮ್ಮ ಧೂಳಿನಲ್ಲಿ ಬರುತ್ತಿತ್ತು.

ಮನೆಯಲ್ಲಿ ಮೈದುನ ಹಾಸಿಗೆ ಬಿಚ್ಚಿ, ತೆಂಕಲಿಗೆ ದಿಂಬಿಟ್ಟ. ಅತ್ತೆ ಕೋಲಿನಿಂದ ಆ ದಿಂಬನ್ನು ತಿವಿದು, "ಆ ಕಡೀಕೆ ಆಕು," ಎಂದರು. ಅವನು ನನ್ನ ಮುಖ ನೋಡಿದ. ನಾನು ದಿಂಬನ್ನೆತ್ತಿ ಬಡಗಲಿಗಿಟ್ಟೆ. ಆಮೇಲೆ ಅವರು ಬಹಳ ವರ್ಷ ಬದುಕಿ, ಹಾಗೇ ಮಲಗಿ, ಹಾಗೇ ಎದ್ದು ಓಡಾಡಿದರು.

ಅಜ್ಜಿ, ನಿನ್ನ ಮಂಚ ಯಾಕೆ ಹೀಗೆ ಬಡಗಲಿಗೆ ತಿರುಗಿದೆ ಎಂದು ನೀವು ನನ್ನನ್ನು ಕೇಳುತ್ತಿರುತ್ತೀರಿ. ಅದನ್ನು ಯಾರೂ ತಿರುಗಿಸಬೇಡಿ.