ಕುಣಿಗಲ್ ಬಸ್ ಸ್ಟ್ಯಾಂಡಿನ ಬಣ್ಣದ ಸೋಡಾ

ಅರವತ್ತರ ದಶಕದ ಆರಂಭ. ನಾನಾಗ ತುಮಕೂರಿನಲ್ಲಿ ಮಾರಾಟ ತೆರಿಗೆ ಇನ್‌ಸ್ಪೆಕ್ಟರ್. ಗುಬ್ಬಿ, ಕುಣಿಗಲ್ ಎರಡೂ ನನ್ನ ಸರಹದ್ದಿನಲ್ಲಿದ್ದವು. ಆ ವರ್ಷ ಸಕ್ಕರೆ ಪಾಕ ಬೆರೆಸಿ ಬಾಟಲಿಗೆ ತುಂಬಿದ ಪಾನೀಯದ ಮೇಲಿನ ತೆರಿಗೆ ಏರಿತು. ಸಪ್ಪೆ ಸೋಡಾದ ದರ ಹಾಗೇ ಉಳಿಯಿತು. ಜನ ‘ಕಲರ್’ ಎನ್ನುತ್ತಿದ್ದ ಕೆಂಪು, ಹಳದಿ ಸಿಹಿ ಸೋಡಾದಿಂದ ಒಳ್ಳೆಯ ವರಮಾನ ಬರುತ್ತದೆಂದು ಕಚೇರಿ ಎಣಿಸಿತ್ತು. ಗುಬ್ಬಿಯಲ್ಲಿ ಮಾರಾಟ ತುಸು ಕುಗ್ಗಿದರೂ ವರಮಾನ ಬಂತು. ಕುಣಿಗಲ್ಲಿನಲ್ಲಿ ಪೂರ್ತಿ ನಿಂತೇ ಹೋಯಿತು.

ಅಲ್ಲಿ ಕಲರ್ ತಯಾರಿಸುತ್ತಿದ್ದುದು ಒಂದೇ ಫ್ಯಾಕ್ಟರಿ: ಹೆಂಚಿನ ಮನೆಯ ಹಜಾರದಲ್ಲಿ ಗ್ಯಾಸ್ ತುಂಬುವ ಯಂತ್ರ, ಹಿತ್ತಿಲಲ್ಲಿ ಬಾಟಲಿ ತೊಳೆಯುವ ತೊಟ್ಟಿ. ಗಂಡ ತೀರಿಕೊಂಡ ಮೇಲೆ ಅದನ್ನು ನಡೆಸುತ್ತಿದ್ದವರು ಪುಟ್ಟತಾಯಮ್ಮ. ಕಲರ್ ನಿಲ್ಲಿಸಿದ್ದೇನೆ ಎಂದು ಅವರು ತಿಳಿಸಿದ್ದನ್ನು ನಮ್ಮ ಸಾಹೇಬರು ನಂಬಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಜನ ಕೆಂಪು ಸೋಡಾ ಕುಡಿಯುವುದನ್ನು ಅವರೇ ಕಂಡಿದ್ದರು.

ನಾನು ಹೋಗಿ ನೋಡಿದೆ. ಪಾಕ ಕಾಯಿಸುವ ಹಂಡೆ ಮೂಲೆಯಲ್ಲಿ ಬೋರಲು ಬಿದ್ದಿತ್ತು. ಬಸ್ ಸ್ಟ್ಯಾಂಡಿಗೆ ಬಂದರೆ ಗುಟ್ಟೇನೂ ಇರಲಿಲ್ಲ. ಪೆಟ್ಟಿಗೆ ಅಂಗಡಿಯವರು ಗ್ಲಾಸಿಗೆ ಕೆಂಪು ಪಾಕ ಹಾಕಿ, ಮೇಲೆ ಸಪ್ಪೆ ಸೋಡಾ ಸುರಿದು ಕೊಡುತ್ತಿದ್ದರು. ಕಾನೂನು ಹಿಡಿದದ್ದು ಬಾಟಲಿಯೊಳಗಿನ ಸಕ್ಕರೆಯನ್ನು. ಇವರು ಅದನ್ನು ಗ್ಲಾಸಿಗೆ ಹಾಕಿದ್ದರು. ಇವರ ವ್ಯಾಪಾರವೂ ತೆರಿಗೆ ಬೀಳುವಷ್ಟು ದೊಡ್ಡದಲ್ಲ. ವಿಚಾರಿಸಿದಾಗ, ಮೊದಲು ಪುಟ್ಟತಾಯಮ್ಮನವರ ಹಿತ್ತಿಲಲ್ಲಿ ಬಾಟಲಿ ತೊಳೆಯುತ್ತಿದ್ದವರೇ ಇವರು ಎಂದು ತಿಳಿಯಿತು.

ನಡೆದದ್ದನ್ನು ಪುಟ್ಟತಾಯಮ್ಮ ಮುಚ್ಚಿಡಲಿಲ್ಲ. ಬೆಲೆ ಏರಿಸಿದರೆ ಗಿರಾಕಿಗಳು ಬರಲಿಲ್ಲ. ಏರಿಸದೆ ತೆರಿಗೆಯನ್ನು ತಾವೇ ಹೊತ್ತರೆ ಕೂಲಿ ಕೊಡಲಾಗಲಿಲ್ಲ. ಕೊನೆಗೆ ಕಲರ್ ನಿಲ್ಲಿಸಿ, ಆಳುಗಳನ್ನು ಬಿಡಿಸಿದರು. ಅವರು ಅಂಗಡಿ ಇಟ್ಟುಕೊಂಡು ಇವರಿಂದಲೇ ಸಪ್ಪೆ ಸೋಡಾ ಕೊಳ್ಳತೊಡಗಿದರು.

ಸಾಹೇಬರಿಗೆ ಇದು ನಾಟಕವಾಗಿ ಕಂಡಿತು. ಒಂದೇ ವ್ಯಾಪಾರವನ್ನು ಚೂರು ಮಾಡಿ ಆಳುಗಳ ಹೆಸರಿನಲ್ಲಿ ನಡೆಸುತ್ತಿದ್ದಾರೆ ಎಂದರು. ಪುಟ್ಟತಾಯಮ್ಮನವರನ್ನು ತುಮಕೂರಿಗೆ ಕರೆಸಿ, ಅಂಗಡಿಗಳು ನಿಮ್ಮವಲ್ಲದಿದ್ದರೆ ಅವರಿಗೆ ಸೋಡಾ ಕೊಡುವುದನ್ನು ನಿಲ್ಲಿಸಿ, ಕೇಸನ್ನು ಅಲ್ಲಿಗೇ ಬಿಡುತ್ತೇನೆ ಎಂದು ಹೇಳಿದರು. ಒಪ್ಪಿದರೆ ಅವರು ಪಾರಾಗುತ್ತಿದ್ದರು.

“ನಿಲ್ಸಲ್ಲ ಸ್ವಾಮಿ,” ಎಂದರು ಆಕೆ. “ಕೆಲ್ಸದಿಂದ ತೆಗ್ದೋಳು ನಾನೇ. ಈಗ ಅಂಗ್ಡೀನೂ ಮುಚ್ಸಿದ್ರೆ ಅವ್ರೆಲ್ಲಿಗೋಗ್ಬೇಕು? ತೆರಿಗೆ ಹಾಕೋದಾದ್ರೆ ಹಾಕಿ. ಅಪೀಲಿಗೆ ಹೋಗ್ತೀನಿ.”

ಅಂಗಡಿಗಳು ಬೇರೆಬೇರೆಯವರವೇ ಎಂದು ನಾನು ವರದಿಯಲ್ಲಿ ಬರೆದಿದ್ದೆ. ಆ ಪ್ಯಾರಾ ತೆಗೆಯಿರಿ ಎಂದು ಸಾಹೇಬರು ಸೂಚಿಸಿದರು.

“ನೋಡಿದ್ದನ್ನೇ ಬರ್ದಿದೀನಿ ಸಾರ್. ತೆಗೆಯೋಕಾಗಲ್ಲ,” ಎಂದೆ.

ಅವರು ಮತ್ತೆ ಒತ್ತಾಯಿಸಲಿಲ್ಲ. ಆದರೆ ‘ಬೆಸ್ಟ್ ಜಡ್ಜ್‌ಮೆಂಟ್’, ಅಂದರೆ ಅಧಿಕಾರಿ ತನ್ನ ಅಂದಾಜಿನಲ್ಲೇ ವ್ಯಾಪಾರ ಇಷ್ಟೆಂದು ತೀರ್ಮಾನಿಸುವ ಕ್ರಮದಲ್ಲಿ ತೆರಿಗೆ ವಿಧಿಸಿದರು. ಪುಟ್ಟತಾಯಮ್ಮ ಅಪೀಲು ಹಾಕಿದರು. ವಿಚಾರಣೆ ಮುಂದಕ್ಕೆ ಹೋದಾಗಲೆಲ್ಲ ಮತ್ತೆ ಬಸ್ಸು ಹತ್ತಿ ಬಂದರು. ಕೊನೆಯ ವಿಚಾರಣೆಗೆ ಅಂಗಡಿಯವರೂ ವ್ಯಾಪಾರ ಬಿಟ್ಟು ಜೊತೆಗೆ ಬಂದರು. ಅವರಲ್ಲಿ ಸಾಕಮ್ಮ ಎಂಬಾಕೆ ಸೆರಗು ಬಿಗಿದು ಎದ್ದು ನಿಂತಳು.

“ಸಕ್ರೆ ನಂದು, ಗಲಾಸು ನಂದು. ಸೋಡಾ ಅಮ್ಮಾವ್ರದು, ದುಡ್ ಕೊಟ್ಟೇ ತಗತೀನಿ. ಸಾಯಂಕಾಲ ಉಳಿದದ್ದು ನನ್ ಮನೆಗೋಗುತ್ತೆ.”

ಅಪೀಲು ಅಧಿಕಾರಿ ನನ್ನ ಕಡೆ ನೋಡಿದರು. ವರದಿಯಲ್ಲಿದ್ದುದನ್ನೇ ಹೇಳಿದೆ. ಪುಟ್ಟತಾಯಮ್ಮನವರ ಮೇಲೆ ಹಾಕಿದ್ದ ತೆರಿಗೆ ರದ್ದಾಯಿತು.

ಹಾಗೆಂದು ಎಲ್ಲವೂ ಮೊದಲಿನಂತಾಗಲಿಲ್ಲ. ಕುಣಿಗಲ್ಲಿನಲ್ಲಿ ಬಾಟಲಿ ಕಲರ್ ಮತ್ತೆ ತಯಾರಾಗಲಿಲ್ಲ. ಸಪ್ಪೆ ಸೋಡಾದ ಬಲದ ಮೇಲೆ ಫ್ಯಾಕ್ಟರಿ ಉಳಿಯಿತು. ಅಂಗಡಿ ಕೈಹಿಡಿಯದೆ ಒಬ್ಬಿಬ್ಬರು ಕೂಲಿಗೆ ಹೋದರು. ಜನ ಸಕ್ಕರೆಯನ್ನೇನೂ ಬಿಡಲಿಲ್ಲ.

ವರಮಾನ ಕುಸಿದಲ್ಲೆಲ್ಲ ಕಳ್ಳತನವಿರುವುದಿಲ್ಲ. ಒಂದು ದರ ಏರಿದಾಗ ಜನ ಕೊಳ್ಳುವ ರೀತಿ ಬದಲಾಗುತ್ತದೆ. ಅದರೊಂದಿಗೆ ಯಾರದೋ ಕೆಲಸ ಹೋಗುತ್ತದೆ, ಇನ್ಯಾರದೋ ವ್ಯಾಪಾರ ಶುರುವಾಗುತ್ತದೆ. ಆಮೇಲಿನ ವರ್ಷಗಳಲ್ಲಿ ಯಾವ ಊರಿಗೆ ವರ್ಗವಾದರೂ, ದರ ಬದಲಾದಾಗ ನಾನು ಮೊದಲು ಹೋಗುತ್ತಿದ್ದುದು ಸಂತೆಗೆ. ನೋಟೀಸು ಬರೆಯುತ್ತಿದ್ದುದು ಆಮೇಲೆ.