ತುರಿಮಣೆಯೇರಿದ ಕೈಗಿರಣಿ

ಡೋಣಿ ಹೊಳೆಯ ದಂಡೆಯ ಎರೆಮಣ್ಣಿನ ಸೀಮೆಯವಳು ಗಂಗವ್ವ. ಮಗಳ ಮದುವೆಗೆ ಬೀಗರು ಹೇಳಿದ ದಿನಕ್ಕಿಂತ ಎರಡು ದಿನ ಮೊದಲೇ ಮೂರು ಗಾಡಿ ಕಟ್ಟಿಕೊಂಡು ಬಂದಿಳಿದರು. ಗಂಗವ್ವ ಸೆರಗು ಬಿಗಿದು ಬೀಸುಕಲ್ಲಿನ ಮುಂದೆ ಕೂತಳು. ಬೀಗರು ಕೈಕಾಲು ತೊಳೆದು, ಎಲೆ ಅಡಿಕೆ ಹಾಕಿಕೊಂಡು, ಊರ ಸುದ್ದಿ ಮುಗಿಸುವಷ್ಟರಲ್ಲಿ ಬುಟ್ಟಿ ತುಂಬ ಹಿಟ್ಟು ತಯಾರು. ಅವಳ ಮಗಳು ಈರವ್ವ ಒಮ್ಮೆ ಗಂಡನ ಮೇಲೆ ಮುನಿದು ತವರಿಗೆ ಹೊರಟಾಗ ಸೀರೆಯ ಗಂಟು ಒಯ್ಯಲಿಲ್ಲ. ಬೀಸುಕಲ್ಲಿನ ಮೇಲಿನ ಕಲ್ಲೊಂದನ್ನು ತಲೆಯ ಮೇಲೆ ಹೊತ್ತು ನಡೆದಳು. ಕೆಳಗಿನ ಕಲ್ಲಿನ ಮುಖ ನೋಡುತ್ತ ಮೂರು ದಿನ ಕೂತ ಗಂಡ, ನಾಲ್ಕನೆಯ ದಿನ ಬಂದು ಆ ಕಲ್ಲನ್ನು ತನ್ನ ರುಮಾಲಿನ ಮೇಲೆ ಹೊತ್ತುಕೊಂಡು, ಹೆಂಡತಿಯನ್ನು ಮುಂದೆ ಬಿಟ್ಟುಕೊಂಡು ಮನೆಗೆ ಹೋದ. ಊರೆಲ್ಲ ಕಟ್ಟೆಯ ಮೇಲೆ ಕೂತು ನೋಡಿತು.

ಈರವ್ವನ ಮಗಳು ಸಿದ್ದವ್ವ. ಅವಳು ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಮುಂಬಯಿಗೆ ಬಂದಾಗ ಆ ಎರಡು ಕಲ್ಲೂ ರೈಲು ಹತ್ತಿ ಬಂದವು. ಬೊರಿವಲಿಯಲ್ಲಿ ಶೆಡ್ಡಿನ ಮುಂದೆ ಇಟ್ಟಿದ್ದ ಅವನ್ನು ಮೇಸ್ತ್ರಿಯೊಬ್ಬ ಬರೀ ಕಲ್ಲೆಂದು ತಿಳಿದು ಪಾಯಕ್ಕೆ ಎತ್ತಿಹಾಕಿ, ಮೇಲೆ ಕಾಂಕ್ರೀಟು ಸುರಿಸಿಬಿಟ್ಟ. ಸಿದ್ದವ್ವ ಅವನಿಗೆ ಕೊಟ್ಟ ಬೈಗುಳ ಕೇಳಲು ಪಕ್ಕದ ಸೈಟಿನವರೂ ಕೆಲಸ ನಿಲ್ಲಿಸಿ ಬಂದಿದ್ದರು. ಆ ಬಿಲ್ಡಿಂಗಿನಲ್ಲಿ ಇವತ್ತಿಗೂ ಒಂದು ಬಿರುಕಿಲ್ಲ. ಅದು ಸಿಮೆಂಟಿನ ಗುಣವಲ್ಲವೆಂದು ಸಿದ್ದವ್ವ ಕಣ್ಣು ಮುಚ್ಚುವತನಕ ಹೇಳುತ್ತಿದ್ದಳು.

ಆ ಸಿದ್ದವ್ವನ ಮಗಳೇ ಲಕ್ಷ್ಮವ್ವ. ವಯಸ್ಸು ಅರವತ್ತಾರು. ದಹಿಸರಿನಲ್ಲಿ ಎರಡನೆಯ ಮಾಳಿಗೆಯ ಸಣ್ಣ ಮನೆ. ಜೊತೆಗೆ ಮಗ, ಆಫೀಸಿಗೆ ಹೋಗುವ ಸೊಸೆ ನೇತ್ರಾ. ಮಾಟುಂಗದ ಕನ್ನಡ ಸಂಘದವರ ವರ್ಷದ ಊಟಕ್ಕೆ ಹನ್ನೆರಡು ವರ್ಷದಿಂದ ಜೋಳದ ರೊಟ್ಟಿ ಲಕ್ಷ್ಮವ್ವನದೇ. ಊಟಕ್ಕೆ ಬಂದವರು ಭಾಷಣದ ಹೊತ್ತಿಗೆ ಹೊರಗೆ ಅಡ್ಡಾಡಿ, ರೊಟ್ಟಿಯ ಹೊತ್ತಿಗೆ ಸರಿಯಾಗಿ ಒಳಗೆ ಬರುತ್ತಿದ್ದರು. ಇದು ಅವಳಿಗೆ ಗೊತ್ತಿತ್ತು. ಗೊತ್ತಿದೆಯೆಂದು ನಾಲ್ಕು ಜನಕ್ಕೆ ಗೊತ್ತಾಗುವಂತೆಯೂ ಇರುತ್ತಿದ್ದಳು.

ಈ ವರ್ಷ ಗಾಳಿ ತಿರುಗಿತು. ಓಣಿಯ ತುದಿಯ ಗಿರಣಿ ಹೊಸಬನ ಕೈಗೆ ಹೋಗಿತ್ತು. ಅವನು ಗೋಧಿ, ಅಕ್ಕಿ, ಜೋಳ ಎಲ್ಲವನ್ನೂ ಒಂದರ ಹಿಂದೊಂದು ಓಡಿಸಿ, ಮುಟ್ಟಿದರೆ ಕೈ ಚುರ್ರೆನ್ನುವ ಹಿಟ್ಟು ಕೊಡುತ್ತಿದ್ದ. ಸುಟ್ಟ ಹಿಟ್ಟಿಗೆ ಅಂಟು, ಜಿಗಿ ಎಲ್ಲಿಂದ ಬರಬೇಕು? ತಟ್ಟಿದರೆ ರೊಟ್ಟಿಯ ಅಂಚು ಬೇಸಿಗೆಯ ಕೆರೆಯ ಹಾಗೆ ಒಡೆಯುತ್ತಿತ್ತು. ಸಂಘದ ಕಾರ್ಯದರ್ಶಿ ಸುಹಾಸ ಹೋದ ವಾರ ಅಂಥದೊಂದು ರೊಟ್ಟಿ ತಿಂದು, ತಲೆ ಕೆರೆದುಕೊಂಡು ಹೇಳಿದ್ದ: "ಬೇಸರ ಮಾಡ್ಕೊಳ್ಬೇಡಿ ಅಮ್ಮ. ಈ ಸಲ ಮಶೀನಿನ ರೊಟ್ಟಿ ತರಿಸುವ ಅಂತ ಕಮಿಟಿಯಲ್ಲಿ ಮಾತುಂಟು. ಬರುವ ಆದಿತ್ಯವಾರ ಬರ್ತೇನೆ. ನಿಮ್ಮದನ್ನು ಇನ್ನೊಮ್ಮೆ ನೋಡಿಯೇ ಹೇಳ್ತೇನೆ."

ನೋಡಿಯೇ ಹೇಳುತ್ತಾನಂತೆ! ಗಂಗವ್ವನ ಮರಿಮಗಳ ರೊಟ್ಟಿಗೆ ಪರೀಕ್ಷೆ!

"ಅತ್ತಿ, ಎಲೆಕ್ಟ್ರಿಕ್ ತಗೊಂಬಿಡೋಣು. ಬಟನ್ ಒತ್ತಿದ್ರ ಆತು, ಟೆನ್ಶನ್ ಇಲ್ಲ," ಎಂದಳು ನೇತ್ರಾ.

"ಅದೂ ಅವನ ಗಿರಣೀ ಮರೀನ ಯವ್ವಾ. ಗರ್ ಅಂತ ತಿರುಗತದ, ಹಿಟ್ಟು ಸುಡತದ. ನನಗ ಕೈಲೆ ತಿರುವೂದು ಬೇಕು."

ಹೀಗಾಗಿ ಬುಧವಾರ ಲಕ್ಷ್ಮವ್ವ ಎದುರು ಮನೆಯ ಚಂಪಾಳನ್ನು ಎಬ್ಬಿಸಿಕೊಂಡು ದಾದರಿಗೆ ಹೊರಟಳು. ಚಂಪಾ ಉಡುಪಿ ಕಡೆಯವಳು, ಹತ್ತು ವರ್ಷ ಚಿಕ್ಕವಳು. ರೊಟ್ಟಿ ಎಂದರೆ ಹಲ್ಲಿನ ವ್ಯಾಯಾಮ ಎನ್ನುವವಳು. ದೋಸೆ ಎಂದರೆ ಹಲ್ಲಿಲ್ಲದವರ ಊಟ ಎಂದು ಲಕ್ಷ್ಮವ್ವ. ಇಪ್ಪತ್ತು ವರ್ಷದ ಗೆಳೆತನ ಈ ಜಗಳದ ಮೇಲೆಯೇ ನಿಂತಿತ್ತು.

ಅಂಗಡಿಯಲ್ಲಿ ಮೊದಲು ಕಂಡದ್ದು ಬೀಸುಕಲ್ಲು. ಆದರೆ ತಾಂಬೂಲದ ತಟ್ಟೆಯಷ್ಟಗಲದ್ದು, ಸುತ್ತ ಬಣ್ಣದ ಬಳ್ಳಿ ಬರೆದದ್ದು. ಅಂಗಡಿಯವನು ಮುಖ ಅರಳಿಸಿ, "ಮಾವಶಿ, ಘರ್ ಮೇ ಶಾದಿ ಹೈ?" ಎಂದ. ಈಗ ಜನ ಅದನ್ನು ಒಯ್ಯುವುದು ಮದುವೆಮನೆಯ ಅರಿಸಿನದ ಶಾಸ್ತ್ರಕ್ಕೆ, ಫೋಟೋಕ್ಕೆ. ಲಕ್ಷ್ಮವ್ವ ಅದನ್ನು ಒಂದು ಕೈಯಲ್ಲಿ ಎತ್ತಿ ನೋಡಿ, "ಇದರಾಗ ಬೀಸಿದ್ರ ಇರುವಿ ಮದುವಿಗೆ ಸಾಕಾದೀತು," ಎಂದು ಇಟ್ಟುಬಿಟ್ಟಳು. ದೊಡ್ಡ ಕಲ್ಲು ಇರಲಿಲ್ಲ. ಇದ್ದರೂ ಲೋಕಲ್ ರೈಲಿನಲ್ಲಿ ಹೊರುವವರಾರು?

ಉಳಿದದ್ದು ಬೀಡುಕಬ್ಬಿಣದ ಕೈಗಿರಣಿ: ಮೇಲೆ ಕಾಳು ಸುರಿಯುವ ಬಾಯಿ, ನಡುವೆ ಹಲ್ಲಿನ ಎರಡು ತಟ್ಟೆ, ಪಕ್ಕಕ್ಕೆ ಹಿಡಿಕೆ, ಕೆಳಗೆ ಮೇಜಿಗೆ ಬಿಗಿಯುವ ತಿರುಪು. ಮೂರು ನಮೂನೆ ಇದ್ದವು. ಹೊಳೆಯುವುದರ ಹಿಡಿಕೆ ಗೇಣುದ್ದ. ಗಿಡ್ಡ ಹಿಡಿಕೆಗೆ ರಟ್ಟೆ ಬೀಳುತ್ತದೆಂದು ಬಿಟ್ಟಳು. ಇನ್ನೊಂದರ ತಟ್ಟೆ ತಿರುವಿದಾಗ ಹೆಳವನ ಹಾಗೆ ಕುಂಟಿತು. ಮೂರನೆಯದು ಕರಿ ಬಣ್ಣದ್ದು, ಭಾರ. ಲಕ್ಷ್ಮವ್ವ ಕಿವಿ ಹಚ್ಚಿ ತಿರುವಿದಳು, ತಟ್ಟೆ ಬಿಚ್ಚಿ ಹಲ್ಲಿನ ಮೇಲೆ ಬೆರಳಾಡಿಸಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಮನೆಯಿಂದ ತಂದ ಒಂದು ಹಿಡಿ ಜೋಳ ಅದರ ಬಾಯಿಗೆ ಹಾಕಿ ತಿರುವೇಬಿಟ್ಟಳು. ಅಂಗಡಿಯವನು ಹಾ ಹಾ ಎನ್ನುವಷ್ಟರಲ್ಲಿ ಅವನ ಗಲ್ಲಾಪೆಟ್ಟಿಗೆಯ ಮೇಲೆ ರವೆಯ ಗುಪ್ಪೆ ಬಿದ್ದಿತ್ತು.

"ಇದನ್ನ ಕಟ್ಟು," ಎಂದಳು.

ಅವನು ಕಟ್ಟುತ್ತ ಹೇಳಿದ: ಹೊಸದು, ಎಣ್ಣೆ ಇರುತ್ತದೆ, ಕಬ್ಬಿಣದ ಪುಡಿ ಇರುತ್ತದೆ, ಮೊದಲು ಎರಡು ಕಿಲೋ ಬೀಸಿ ಚೆಲ್ಲಿಬಿಡಿ. ಚೆಲ್ಲುವ ಮಾತು ಕೇಳಿದ್ದೇ ಲಕ್ಷ್ಮವ್ವ ಮುಂದಿನದಕ್ಕೆ ಕಿವಿ ಕೊಡಲಿಲ್ಲ. ನೆಲಕ್ಕೆ ಬಿದ್ದ ಕಾಳನ್ನು ಕಣ್ಣಿಗೊತ್ತಿಕೊಂಡು ಎತ್ತಿಡುವ ಮನೆತನ!

ಭಾಯಂದರ್ ಲೋಕಲಿನಲ್ಲಿ ಗಿರಣಿ ಚಂಪಾಳ ತೊಡೆಯ ಮೇಲೆ ಕೂತು ಬಂತು. ಗಾಡಿ ಕುಲುಕಿದಾಗಲೆಲ್ಲ ಅದರ ಹಿಡಿಕೆ ಪಕ್ಕದ ಹೆಂಗಸಿನ ಪಕ್ಕೆಗೆ ತಿವಿಯಿತು. ಆಕೆ ಅಂಧೇರಿಯ ತನಕ ತಡೆದುಕೊಂಡು, ಆಮೇಲೆ ಎದ್ದು ನಿಂತಳು.

"ಒಳ್ಳೇದೇ ಆಯ್ತು ಮಾರಾಯ್ರೆ, ಜಾಗ ಸಿಕ್ಕಿತು. ಕೂತ್ಕೊಳ್ಳಿ ಲಕ್ಷ್ಮಕ್ಕ," ಎಂದಳು ಚಂಪಾ.

ಮನೆಗೆ ಬಂದ ಮೇಲೆ ನಿಜವಾದ ಪೇಚು. ಬಿಗಿಯಬೇಕೆಂದರೆ ಅಡುಗೆ ಕಟ್ಟೆಯ ಗ್ರಾನೈಟು ದಪ್ಪ. ತಿರುಪಿನ ಬಾಯಿಗೆ ಹಿಡಿಸದು. ನೇತ್ರಾಳ ಕಂಪ್ಯೂಟರಿನ ಮೇಜಿಗೆ ಬಿಗಿದರೆ, ಎರಡು ಸುತ್ತಿಗೇ ಮೇಜು ಕುಣಿಯುತ್ತ ಬಾಗಿಲ ತನಕ ಹೋಯಿತು. ಲಕ್ಷ್ಮವ್ವ ಸೊಂಟಕ್ಕೆ ಕೈಯಿಟ್ಟು ನಿಂತಳು. ಚಂಪಾ ತನ್ನ ಮನೆಗೆ ಹೋಗಿ, ಕಾಯಿ ತುರಿಯುವ ಮಣೆಯನ್ನು ತಂದು ನೆಲಕ್ಕಿಟ್ಟಳು. ಅದರ ಕತ್ತಿ ಬಿಚ್ಚಿದ್ದಳು.

"ನಾವು ಕಾಯಿ ತುರಿಯುವಾಗ ಇದರ ಮೇಲೆ ಕೂರೋದು. ಮನುಷ್ಯರ ಭಾರಕ್ಕೆ ಮಣೆ ಅಲ್ಲಾಡುದಿಲ್ಲ. ಕತ್ತಿ ಇದ್ದಲ್ಲಿ ನಿಮ್ಮ ಗಿರಣಿ ಬಿಗೀರಿ."

"ನಿಮ್ಮ ಕಾಯಿ ಮಣಿ ಮ್ಯಾಲ ನಮ್ಮ ಜ್ವಾಳ ಬೀಸೂದೇನ?"

"ಜೋಳಕ್ಕೆ ಮರ್ಯಾದೆ ಹೋಗ್ತದಾ? ಹಾಗಾದರೆ ಒಯ್ತೇನೆ."

"ಇರಲಿ ಇಡು. ಮಣಿ ಅಷ್ಟ ನಿಂದು. ಕೂತ ಭಾರ ನಂದು."

ಹಿಡಿಕೆ ನೆಲಕ್ಕೆ ತಾಗುತ್ತಿತ್ತು. ಮಣೆಯ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದರು. ಮರುದಿನ ಲಕ್ಷ್ಮವ್ವ ಕುದುರೆ ಏರಿದಂತೆ ಏರಿ ಕೂತಳು. ಬೀಸುಕಲ್ಲಿಗೆ ಹಾಕುವಂತೆಯೇ ಒಂದು ಹಿಡಿ ಜೋಳ ಹಾಕುವುದು, ಅದು ಮುಗಿಯುವ ತನಕ ತಿರುವುವುದು, ಮತ್ತೊಂದು ಹಿಡಿ. ನುಣ್ಣಗೆ ಬರಲೆಂದು ತಟ್ಟೆಗಳ ತಿರುಪನ್ನು ಬಿಗಿಯಾಗುವಷ್ಟು ಬಿಗಿದಳು. ಒಂದು ತಾಸು ಬೆವರು ಸುರಿಸಿ ಕೆಳಗಿಟ್ಟ ಅಗಲ ಪರಾತ ನೋಡಿದರೆ, ಹಿಟ್ಟು ಬೂದಿಯ ಬಣ್ಣ!

"ಜೋಳ ಬಿಳಿ, ಹಿಟ್ಟು ಕಪ್ಪು. ಜಾದೂ ಕಲ್ತಿದ್ದೀರಾ ಲಕ್ಷ್ಮಕ್ಕ?"

"ಮೋಡದ ನೆಳ್ಳು ಬಿದ್ದದ," ಎಂದಳು ಲಕ್ಷ್ಮವ್ವ. ಹೊರಗೆ ಬಿಸಿಲು ಸುಡುತ್ತಿತ್ತು, ಮೋಡ ಎಲ್ಲಿಯೂ ಇರಲಿಲ್ಲ.

ಆ ದಿನದ ರೊಟ್ಟಿ ಹಂಚಿನ ಬಣ್ಣವೇ ಇತ್ತು. ನೇತ್ರಾ ಒಂದು ತುಂಡು ಬಾಯಿಗಿಟ್ಟು, "ಅತ್ತಿ, ಇದರಾಗ ಐರನ್ ಭಾಳ ಅದ," ಎಂದು ಮೆಲ್ಲಗೆ ಎದ್ದುಹೋದಳು. ಗುರುವಾರ ಹೀಗೆ ಮುಗಿಯಿತು. ಆದಿತ್ಯವಾರಕ್ಕೆ ಎರಡೇ ದಿನ.

ಶುಕ್ರವಾರ ಲಕ್ಷ್ಮವ್ವ ಗಿರಣಿ ತಿರುವುತ್ತ ಕೂತು, ಬರೀ ಅದರ ಸದ್ದಿಗೆ ಕಿವಿ ಕೊಟ್ಟಳು. ಕಾಳು ಇದ್ದಾಗ ಅದು ಹಸು ಮೆಲುಕು ಹಾಕಿದಂತೆ ಸದ್ದು ಮಾಡುತ್ತಿತ್ತು. ಎರಡು ಹಿಡಿಗಳ ನಡುವೆ ಬಾಯಿ ಬರಿದಾದಾಗ ಕರ್ ಕರ್ ಎಂದು ಹಲ್ಲು ಕಡಿಯುತ್ತಿತ್ತು. ತಟ್ಟೆಗೆ ತಟ್ಟೆ ತಿಕ್ಕಿ ಕಬ್ಬಿಣ ಉದುರುತ್ತಿದ್ದುದು ಆಗಲೇ. ಬೀಸುಕಲ್ಲಿಗೆ ತುತ್ತು ತುತ್ತಾಗಿ ಕೊಡಬೇಕು. ಇದರ ಬಾಯಿ ಮಾತ್ರ ತುಂಬಿಯೇ ಇರಬೇಕು. ಒಂದೇ ಸಲಕ್ಕೆ ನುಣುಪು ಬೇಡುವುದೂ ತಪ್ಪು: ಮೊದಲು ಸಡಿಲ ಬಿಟ್ಟು ನುಚ್ಚು ಮಾಡಿ, ಸೋಸಿ, ಆಮೇಲೆ ಬಿಗಿದು ಹಿಟ್ಟು ಮಾಡಬೇಕು.

ಅಂಗಡಿಯವನು ಹೇಳಿದ ಚೆಲ್ಲುವ ಲೆಕ್ಕವನ್ನೂ ಅವಳೇ ಬಿಡಿಸಿದಳು. ತಟ್ಟೆ ಬಿಚ್ಚಿ ಒರೆಸಿ, ಜರಡಿಯಲ್ಲಿ ಉಳಿದು ಡಬ್ಬಿಯಲ್ಲಿ ಕೂತಿದ್ದ ಹಳೆಯ ತೌಡನ್ನು ನಾಲ್ಕು ಸಲ ಓಡಿಸಿದಳು. ನಾಲ್ಕನೆಯ ಸಲಕ್ಕೆ ತೌಡು ಬೆಳ್ಳಗೆ ಬಂತು. ಒಂದು ಕಾಳೂ ವ್ಯರ್ಥವಾಗಲಿಲ್ಲ. ಶನಿವಾರ ಸಂಜೆ ಮುಷ್ಟಿಯಲ್ಲಿ ಹಿಡಿದ ಹಿಟ್ಟು ತಣ್ಣಗಿತ್ತು, ಕೈ ಬಿಚ್ಚಿದರೂ ಉಂಡೆ ಒಡೆಯಲಿಲ್ಲ. ಚಂಪಾ ಬಂದು ನೋಡಿದಳು. ತಮಾಷೆ ಮಾಡಲು ಏನೂ ಸಿಗದೆ ಜರಡಿ ಎಳೆದುಕೊಂಡು ಸೋಸಲು ಕೂತಳು.

ಆದಿತ್ಯವಾರ ಸುಹಾಸ ಬಂದ. ಕೈಯಲ್ಲಿ ಮಶೀನಿನ ರೊಟ್ಟಿಯ ಪ್ಯಾಕೆಟ್ಟು, ಹೋಲಿಸಿ ನೋಡಲಿಕ್ಕಂತೆ. ಲಕ್ಷ್ಮವ್ವ ಅದರತ್ತ ನೋಡಲೂ ಇಲ್ಲ. ಹಿಟ್ಟು ನಾದಿದಳು, ತಟ್ಟಿದಳು. ಅಂಗೈಯ ಕೆಳಗೆ ರೊಟ್ಟಿ ತಿರುಗುತ್ತ ತಿರುಗುತ್ತ ಹುಣ್ಣಿಮೆಯ ಚಂದ್ರನಷ್ಟಗಲ ಆಯಿತು. ಅಂಚಿನಲ್ಲಿ ಒಂದೇ ಒಂದು ಎಳೆ ಬಿರುಕು ಕಂಡು ಎಲ್ಲರೂ ಕತ್ತು ಚಾಚಿದರು. ಲಕ್ಷ್ಮವ್ವ ಒದ್ದೆ ಬೆರಳಿನಿಂದ ಅದನ್ನು ಒಮ್ಮೆ ಸವರಿದಳು, ಕೂಡಿತು. ಹಂಚಿಗೆ ಬಿದ್ದ ರೊಟ್ಟಿ ಬಸುರಿಯ ಹೊಟ್ಟೆಯಂತೆ ಉಬ್ಬಿತು.

ಸುಹಾಸ ರೊಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ನೋಡಿದ. ಮುರಿಯಲಿಲ್ಲ. ಬಿಚ್ಚಿ ಮತ್ತೆ ಮಡಿಚಿದ. ಆಮೇಲೆ ಎಣ್ಣೆಗಾಯಿ ಬಂತು, ಶೇಂಗಾದ ಹಿಂಡಿ ಚಟ್ನಿ ಬಂತು, ಮೊಸರು ಬಂತು. ಹೋಲಿಸುವ ಕೆಲಸ ಮರೆತೇಹೋಯಿತು. ಪ್ಯಾಕೆಟ್ಟು ಬಿಚ್ಚಿ ರುಚಿ ನೋಡಿದವಳು ಚಂಪಾ ಒಬ್ಬಳೇ.

"ಇದು ಮದುವೆ ಕಾಗದ ಅಚ್ಚು ಹಾಕ್ಲಿಕ್ಕೆ ಒಳ್ಳೇದುಂಟು," ಎಂದಳು.

ನಾಲ್ಕನೆಯ ರೊಟ್ಟಿ ಮುಗಿಸಿ ಸುಹಾಸ ಕೈ ತೊಳೆದ. "ಆಯ್ತಮ್ಮ, ಕಮಿಟಿಗೆ ನಾನು ಹೇಳ್ತೇನೆ. ನೂರೈವತ್ತು ರೊಟ್ಟಿ ನಿಮ್ಮದೇ. ಆದರೆ ಅಷ್ಟು ಹಿಟ್ಟು ಈ ವಯಸ್ಸಲ್ಲಿ ಒಬ್ಬರೇ ಬೀಸುದು ಬೇಡ. ಸಂಘದಿಂದ ಇಬ್ಬರು ಹುಡುಗರನ್ನು ಕಳಿಸ್ತೇನೆ, ಗಟ್ಟಿಮುಟ್ಟಿನವರು. ಅವರು ತಿರುಗಿಸ್ಲಿ, ನೀವು ಕೂತು ನೋಡಿ."

ಲಕ್ಷ್ಮವ್ವ ಹಂಚು ಇಳಿಸಿ, ಸೆರಗಿನಿಂದ ಹಣೆ ಒರೆಸಿಕೊಂಡಳು.

"ಹುಡುಗ್ರನ್ನ ಕಳಿಸು ತಮ್ಮಾ, ಬ್ಯಾಡ ಅನ್ನೂದಿಲ್ಲ. ಉಣ್ಣಾಕ ಕಳಿಸು. ಹಿಡಿಕಿಗೆ ಮಾತ್ರ ಕೈ ಹಚ್ಚೂದು ಬ್ಯಾಡ. ಹಿಟ್ಟು ನುಣ್ಣಗಾತೋ ಇಲ್ಲೋ ಅಂತ ನನಗ ಹೇಳೂದು ಕಣ್ಣಲ್ಲ, ಈ ರಟ್ಟಿ. ಮಂದಿ ರಟ್ಟಿ ಬಂದು ನನ್ನ ಕಿವ್ಯಾಗ ಏನ ಹೇಳೀತು?"